ಹೆಸರು ಹೇಳಲಂಜುವ ರೋಗದ ಹೆಸರುಗಳು

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಧರ್ಮಕೇಂದ್ರಗಳಲ್ಲಿ ಕುಟುಂಬ ಭೇಟಿಗೆ ಹೋಗುವ ಗುರುಗಳಿಗೆಲ್ಲ ಒಂದು ಅನುಭವ ಸಾಮಾನ್ಯ. ಒಳಕೋಣೆಯಲ್ಲಿ ರೋಗಿ ಮಲಗಿರುತ್ತಾರೆ. ಹೊಸ್ತಿಲಲ್ಲೇ ಮಗನೋ ಸೊಸೆಯೋ ತಡೆದು, “ಫಾದರ್, ಅಪ್ಪನ ಮುಂದೆ ಆ ಹೆಸರು ಎತ್ತಬೇಡಿ, ಹೊಟ್ಟೆಯಲ್ಲಿ ಹುಣ್ಣು ಅಂತ ಹೇಳಿದ್ದೇವೆ” ಎಂದು ಪಿಸುಗುಟ್ಟುತ್ತಾರೆ. ಗೋಡೆಯ ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಗೋವೆಯಿಂದಲೋ ತಂದ ಕಡತವಿರುತ್ತದೆ. ಅದು ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಆಡುವ ಮಾತು ಕೊಂಕಣಿ, ಬಾಗಿಲಾಚೆ ಕನ್ನಡ, ಹಳಿಯಾಳದ ಪೇಟೆಯಲ್ಲಿ ಮರಾಠಿ. ಹೀಗೆ ಮೂರು ಭಾಷೆ ಬಲ್ಲ ಮನೆಯವರಿಗೂ ಆ ಕಡತದ ನಾಲ್ಕನೆಯ ಭಾಷೆ ತೆರೆದುಕೊಳ್ಳುವುದಿಲ್ಲ.

ಹೆಸರನ್ನು ಮುಚ್ಚಿಡುವ ಈ ಪದ್ಧತಿ ಹೊಸದಲ್ಲ. ನಮ್ಮ ಹಿರಿಯರು ಕುಷ್ಠರೋಗವನ್ನು ‘ದೊಡ್ಡ ರೋಗ’ ಎಂದು ಸುತ್ತಿ ಹೇಳುತ್ತಿದ್ದರು. ಇಂದು ಆ ಜಾಗದಲ್ಲಿ ಕ್ಯಾನ್ಸರ್ ಇದೆ. ಆದರೆ ಈ ರೋಗಕ್ಕೂ ಅದರ ಚಿಕಿತ್ಸೆಗೂ ಅಂಟಿಕೊಂಡಿರುವ ಪದಗಳ ಚರಿತ್ರೆಯನ್ನು ಕೆದಕಿ ನೋಡಿದರೆ ಅವುಗಳಲ್ಲಿ ಬಹಳಷ್ಟು ನಮಗೆ ಪರಿಚಿತವಾದವೇ. ಕೆಲವು ನಮ್ಮ ಪಂಚಾಂಗದಲ್ಲಿವೆ, ಕೆಲವು ಹಿತ್ತಲಲ್ಲಿವೆ, ಕೆಲವು ಪವಿತ್ರ ಗ್ರಂಥದಲ್ಲಿಯೂ ದೈವಾರಾಧನೆಯಲ್ಲಿಯೂ ಇವೆ.

ಮೊದಲು ರೋಗದ ಹೆಸರನ್ನೇ ನೋಡೋಣ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಬಾಳಿದ ಗ್ರೀಕ್ ವೈದ್ಯ ಹಿಪೊಕ್ರಾಟಿಸ್ ಮತ್ತು ಅವನ ಪರಂಪರೆಯವರು ಗಟ್ಟಿಯಾಗಿ ಬೆಳೆಯುವ, ವಾಸಿಯಾಗದ ಗಡ್ಡೆಗಳನ್ನು ‘ಕಾರ್ಕಿನೋಸ್’ ಎಂದು ಕರೆದರು. ಅದರ ಅರ್ಥ ಏಡಿ. ನಮ್ಮ ಕೊಂಕಣಿಯಲ್ಲಿ ಕುರ್ಲಿ. ಸಾಮಾನ್ಯ ಶಕ ಒಂದನೆಯ ಶತಮಾನದಲ್ಲಿ ರೋಮಿನ ಕೆಲ್ಸುಸ್ ಬರೆದ ವೈದ್ಯಗ್ರಂಥದಲ್ಲಿ ಅದೇ ಏಡಿ ಲತೀನಿನ ‘ಕಾನ್ಸೆರ್’ ಆಯಿತು. ಎರಡನೆಯ ಶತಮಾನದ ಗೇಲನ್ ಎಂಬ ವೈದ್ಯ ಈ ಹೋಲಿಕೆಗೆ ಕಾರಣವನ್ನೂ ಕೊಟ್ಟಿದ್ದಾನೆ: ಸ್ತನದ ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಎರಡೂ ಬದಿಗೆ ಚಾಚಿಕೊಂಡಿರುತ್ತವೆ ಎಂದು. ಬರಿಗಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಇಟ್ಟ ಹೆಸರಿದು. ಶಾಪ, ಪಾಪ, ಮಾಟ ಇವುಗಳ ಸೋಂಕು ಅದರಲ್ಲಿಲ್ಲ.

ಆ ಏಡಿ ಅಲ್ಲಿಂದ ದೇಶದೇಶಗಳನ್ನು ತಿರುಗಿತು. ಅರಬ್ಬಿ ವೈದ್ಯರು ಗ್ರೀಕ್ ಗ್ರಂಥಗಳನ್ನು ತಮ್ಮ ಭಾಷೆಗೆ ತಂದಾಗ ಕ್ಯಾನ್ಸರನ್ನು ‘ಸರತಾನ್’ ಎಂದರು. ಅದರ ಅರ್ಥವೂ ಏಡಿಯೇ. ಉರ್ದು ಭಾಷೆಗೂ ಇದೇ ಪದ ಬಂದಿದೆ. ಮರಾಠಿಯಲ್ಲಿ ಈ ರೋಗ ‘ಕರ್ಕರೋಗ’; ಕರ್ಕ ಎಂದರೆ ಮತ್ತೆ ಏಡಿ, ನಮ್ಮ ಪಂಚಾಂಗದ ಕರ್ಕಾಟಕ ರಾಶಿ. ಶಾಲೆಯ ಭೂಗೋಳ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡುವ ಕರ್ಕಾಟಕ ಸಂಕ್ರಾಂತಿ ವೃತ್ತದ ಇಂಗ್ಲಿಷ್ ಹೆಸರಿನಲ್ಲಿ ಇರುವುದೂ ಈ ಕ್ಯಾನ್ಸರೇ. ಹಳಿಯಾಳದ ಸಂತೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತ ಕನ್ನಡ, ಮರಾಠಿ, ಉರ್ದು ಮಾತಿನ ಮೂವರು ಈ ರೋಗವನ್ನು ಮೂರು ಪದಗಳಲ್ಲಿ ಹೇಳಿದರೂ ಕಣ್ಣಿಗೆ ಕಟ್ಟುವ ಪ್ರಾಣಿ ಒಂದೇ.

ನಮ್ಮ ನಾಡಿನ ಪ್ರಾಚೀನ ವೈದ್ಯರು ಏಡಿಯ ಹಾದಿ ಹಿಡಿಯಲಿಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ‘ಅರ್ಬುದ’ದ ವರ್ಣನೆಯಿದೆ: ದುಂಡಗಿನದು, ಅಲುಗಾಡದ್ದು, ನೋವು ಕಡಿಮೆ, ಬೇರು ಆಳ, ನಿಧಾನವಾಗಿ ಬೆಳೆಯುವುದು, ಕೀವುಗಟ್ಟದ್ದು. ಒಂದು ಗಡ್ಡೆಯ ಮೇಲೆ ಮತ್ತೊಂದು ಹುಟ್ಟಿದರೆ ಅದು ‘ಅಧ್ಯರ್ಬುದ’. ನೋವಿಲ್ಲದ ಗಂಟನ್ನು ಅಸಡ್ಡೆ ಮಾಡಬೇಡಿರೆಂದು ಇಂದಿನ ವೈದ್ಯರು ಗೋಗರೆಯುತ್ತಾರಲ್ಲ, ಆ ಲಕ್ಷಣವನ್ನು ಸುಶ್ರುತ ಅಂದೇ ಗುರುತಿಸಿದ್ದಾನೆ. ಮಲೆಯಾಳದಲ್ಲಿ ಇಂದಿಗೂ ಕ್ಯಾನ್ಸರಿಗೆ ‘ಅರ್ಬುದಂ’ ಎಂದೇ ಹೆಸರು. ತಮಿಳರು ‘ಪುಟ್ಟುನೋಯ್’ ಎನ್ನುತ್ತಾರೆ. ಅವರ ‘ಪುಟ್ಟು’ ನಮ್ಮ ‘ಹುತ್ತ’ದ ಒಡಹುಟ್ಟು, ಗೆದ್ದಲು ಒಳಗಿಂದೊಳಗೇ ಕಟ್ಟುತ್ತ ಹೋಗುವ ಹುತ್ತದಂತೆ ಬೆಳೆಯುವ ಬೇನೆ. ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟಿಯನ್ ಬಂಧುಗಳ ವೈದ್ಯಪದ್ಧತಿಯಲ್ಲಿ ಗಡ್ಡೆಗೆ ‘ತ್ರೆನ್’ ಎಂಬ ತಮ್ಮದೇ ಪದವಿದೆ. ಕನ್ನಡದಲ್ಲಿ ಅರ್ಬುದ, ಏಡಿಗಂತಿ ಎಂಬ ಪದಗಳನ್ನು ವಿದ್ವಾಂಸರು ಬಳಸಿದರೂ ಜನ ಕ್ಯಾನ್ಸರ್ ಎಂಬುದನ್ನೇ ಹಿಡಿದುಕೊಂಡರು. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಕನ್ನಡ ಹೆಸರಿನಲ್ಲಿ ಮಾತ್ರ ‘ಗಂಥಿ’ ಎಂಬ ಹಳೆಯ ಪದ ಉಳಿದುಕೊಂಡಿದೆ. ಅದು ಗಂಟು ಎಂಬುದರ ಹತ್ತಿರದ ನೆಂಟ. ಸರಕಾರದ ಪದರಚನೆಗಳಲ್ಲಿ ನನಗೆ ಮೆಚ್ಚುಗೆಯಾದ ಕೆಲವೇ ಪದಗಳಲ್ಲಿ ಇದೊಂದು.

ಪವಿತ್ರ ಗ್ರಂಥದಲ್ಲಿ ಈ ರೋಗದ ಪ್ರಸ್ತಾಪವಿದೆಯೇ ಎಂದು ಕೆಲವರು ಕೇಳುತ್ತಾರೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಎರಡನೆಯ ಅಧ್ಯಾಯದಲ್ಲಿ ಸುಳ್ಳುಬೋಧನೆ ಹರಡುವ ಬಗೆಯನ್ನು ಒಂದು ಹುಣ್ಣಿಗೆ ಹೋಲಿಸಲಾಗಿದೆ. ಗ್ರೀಕ್ ಮೂಲದಲ್ಲಿ ಅದು ‘ಗಾಂಗ್ರಯ್ನ’, ಅಂದರೆ ಮಾಂಸ ಕೊಳೆಯುವ ರೋಗ. ವಲ್ಗಾತ ಎಂಬ ಲತೀನ್ ಅನುವಾದದಲ್ಲಿ ಅದು ‘ಕಾನ್ಸೆರ್’ ಆಯಿತು. ಹೀಗೆ ಪಾಶ್ಚಾತ್ಯ ಶ್ರೀಸಭೆಯ ಕಿವಿಯಲ್ಲಿ ಈ ರೋಗದ ಹೆಸರು ಕೆಟ್ಟತನದ ಉಪಮೆಯಾಗಿ ನೆಲೆಸಿತು. ಇದರಿಂದ ರೋಗಿಗಳಿಗೆ ಹಿತವಾಯಿತೆಂದು ಹೇಳಲಾರೆ. ವೈದ್ಯರು ಬಳಸುವ ‘ಮೆಲಿಗ್ನೆಂಟ್’ ಎಂಬ ಪದವೂ ಇದೇ ಜಾತಿಯದು. ಅದರ ಮೂಲವಾದ ‘ಮಾಲಿಗ್ನುಸ್’ ಎಂಬುದಕ್ಕೆ ಕೇಡಿಗ, ದುಷ್ಟ ಎಂಬರ್ಥ. ಹಳೆಯ ಲತೀನ್ ಪ್ರಾರ್ಥನೆಗಳಲ್ಲಿ ಸೈತಾನನಿಗೆ ಅಂಟಿಸಿದ ವಿಶೇಷಣ. ಎದುರುಪದವಾದ ‘ಬಿನೈನ್’ ಎಂಬುದರ ಮೂಲಾರ್ಥ ದಯಾಳು. ಕನ್ನಡದಲ್ಲಿ ಇವೆರಡನ್ನೂ ‘ಮಾರಕ ಗಡ್ಡೆ’, ‘ಸೌಮ್ಯ ಗಡ್ಡೆ’ ಎನ್ನುತ್ತೇವೆ. ಗಡ್ಡೆಗೆ ಹೇಳಿದ ದುಷ್ಟತನ ಗಡ್ಡೆಯದು, ಹೊತ್ತವರದಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಕೊಟ್ಟ ಉತ್ತರ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ.

ಆಸ್ಪತ್ರೆಯ ಫಲಕದಲ್ಲಿ ಕಾಣುವ ‘ಆಂಕಾಲಜಿ’ ಎಂಬ ಪದ ನನಗೆ ಹೆಚ್ಚು ಹತ್ತಿರದ್ದೆನಿಸುತ್ತದೆ. ಅದರ ಬೇರು ಗ್ರೀಕಿನ ‘ಒಂಕೊಸ್’: ಉಬ್ಬು, ರಾಶಿ, ಹೊರೆ. ಹಿಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದ ಆರಂಭದಲ್ಲಿ, ಓಟಗಾರ ಕೆಳಗಿಳಿಸಬೇಕಾದ ಭಾರ ಎಂದು ಬರುವಲ್ಲಿ ಇದೇ ಪದವಿದೆ. ಆ ವಿಭಾಗದ ವೈದ್ಯರನ್ನು ಹೊರೆಯ ವೈದ್ಯರು ಎಂದು ಕರೆದರೆ ವ್ಯುತ್ಪತ್ತಿಗೆ ದ್ರೋಹವಾಗದು.

ಇನ್ನು ಕಡತದೊಳಗಿನ ಮಾತು. ಏಡಿಯನ್ನು ಕಣ್ಣಳತೆಯಿಂದ ನೋಡುವ ಕಾಲ ಮುಗಿದದ್ದು 19ನೇ ಶತಮಾನದಲ್ಲಿ. 1858ರಲ್ಲಿ ಜರ್ಮನಿಯ ರುಡಾಲ್ಫ್ ಫಿರ್ಕೊ ತನ್ನ ಪ್ರಸಿದ್ಧ ಉಪನ್ಯಾಸಗಳನ್ನು ಪ್ರಕಟಿಸಿ, ರೋಗದ ಮೂಲವನ್ನು ಜೀವಕೋಶದಲ್ಲಿ ಹುಡುಕಬೇಕೆಂದು ಸಾಧಿಸಿದ. ಹೊರಗಿನಿಂದ ಹೊಕ್ಕ ಶತ್ರುವೆಂದು ತಿಳಿದದ್ದು ನಮ್ಮದೇ ಕೋಶ ಲಂಗುಲಗಾಮಿಲ್ಲದೆ ಬೆಳೆದದ್ದೆಂದು ಗೊತ್ತಾಯಿತು. ಒಬ್ಬರಿಂದೊಬ್ಬರಿಗೆ ಊಟದ ತಟ್ಟೆಯಿಂದ, ಹಾಸಿಗೆಯಿಂದ ಇದು ಅಂಟದು ಎಂಬುದಕ್ಕೂ ಇದೇ ಆಧಾರ. ಬೇರೆ ಲೋಟ, ಬೇರೆ ತಟ್ಟೆ ಇಟ್ಟು ರೋಗಿಯನ್ನು ನೋಯಿಸುವ ಮನೆಗಳು ಈಗಲೂ ಇವೆ.

ಕೋಶವನ್ನು ನೋಡಬೇಕಾದರೆ ಗಡ್ಡೆಯ ಚೂರು ತೆಗೆಯಬೇಕು. 1879ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಏರ್ನೆಸ್ಟ್ ಬೆಸ್ನಿಯೇ ಇದಕ್ಕೆ ‘ಬಯಾಪ್ಸಿ’ ಎಂಬ ಹೆಸರನ್ನಿಟ್ಟ. ‘ಬಿಯೋಸ್’ ಎಂದರೆ ಜೀವ, ‘ಒಪ್ಸಿಸ್’ ಎಂದರೆ ದರ್ಶನ. ‘ಚೂರು ತೆಗೆದರೆ ರೋಗ ಕೆರಳುತ್ತದೆ, ಕತ್ತಿ ಮುಟ್ಟಿಸಬಾರದು’ ಎಂಬ ಮಾತು ನಮ್ಮ ಭಾಗದಲ್ಲಿ ಬಹಳ ಬಲವಾಗಿದೆ. ಅದನ್ನು ನಂಬಿ ನಾಟಿ ಔಷಧಿಯಲ್ಲಿ ಆರು ತಿಂಗಳು ಕಳೆದು, ಆಮೇಲೆ ಹುಬ್ಬಳ್ಳಿಯ ಬಸ್ಸು ಹತ್ತುವವರು ಎಷ್ಟು ಮಂದಿ! ಚೂರನ್ನು ನೋಡದೆ ಯಾವ ಜಾತಿಯ ಕ್ಯಾನ್ಸರ್ ಎಂಬುದು ತಿಳಿಯದು, ತಿಳಿಯದೆ ಮದ್ದು ನಿರ್ಧಾರವಾಗದು.

‘ಮೆಟಾಸ್ಟಾಸಿಸ್’ ಎಂಬುದು ಗ್ರೀಕಿನಲ್ಲಿ ಸ್ಥಳ ಬದಲಿಸುವುದು. 1829ರಲ್ಲಿ ಫ್ರೆಂಚ್ ವೈದ್ಯ ರೆಕಾಮಿಯೇ ಇದನ್ನು ಕ್ಯಾನ್ಸರ್ ಹರಡುವುದಕ್ಕೆ ಬಳಸಿದ. ಸ್ತನದಿಂದ ಪಿತ್ತಕೋಶಕ್ಕೋ ಮೂಳೆಗೋ ಹೋದ ಕ್ಯಾನ್ಸರ್ ಅಲ್ಲಿಯೂ ಸ್ತನದ ಕ್ಯಾನ್ಸರೇ; ಮದ್ದೂ ಅದಕ್ಕೆ ತಕ್ಕುದೇ. ‘ಮೊದಲು ಎದೆಗೆ ಇತ್ತು, ಈಗ ಹೊಸದಾಗಿ ಮೂಳೆ ಕ್ಯಾನ್ಸರ್ ಬಂತು’ ಎಂದು ಕಂಗೆಡುವವರಿಗೆ ಇಷ್ಟು ತಿಳಿದಿದ್ದರೆ ವೈದ್ಯರ ಮಾತು ಅರ್ಥವಾಗುತ್ತದೆ. ‘ಸ್ಟೇಜ್’ ಎಂಬ ಪದವನ್ನಂತೂ ಈಗ ಎಲ್ಲರೂ ಆಡುತ್ತಾರೆ. ಗಡ್ಡೆಯ ಗಾತ್ರ, ಹತ್ತಿರದ ದುಗ್ಧಗ್ರಂಥಿಗಳಿಗೆ ತಗುಲಿದೆಯೇ, ದೂರಕ್ಕೆ ಹರಡಿದೆಯೇ ಎಂಬ ಮೂರು ಪ್ರಶ್ನೆಗಳ ಮೇಲೆ ಹಂತವನ್ನು ಅಳೆಯುವ ಕ್ರಮವನ್ನು ಫ್ರಾನ್ಸಿನ ಪಿಯೇರ್ ದನ್ವಾ 1943ರಿಂದ 1952ರ ನಡುವೆ ರೂಪಿಸಿದ. ‘ಗ್ರೇಡ್’ ಬೇರೆ. ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳು ಸಹಜ ಕೋಶಗಳಿಂದ ಎಷ್ಟು ದೂರ ಸರಿದಿವೆ ಎಂಬುದಕ್ಕೆ ಅದು ಅಳತೆ. ಗ್ರೇಡ್ ಮೂರು ಎಂಬುದನ್ನು ಸ್ಟೇಜ್ ಮೂರು ಎಂದು ಓದಿ ಅಳುವವರಿದ್ದಾರೆ. ನಾಲ್ಕನೆಯ ಹಂತವೆಂದರೆ ನಾಲ್ಕು ದಿನ ಎಂದೂ ಅಲ್ಲ. ಕೆಲವು ಬಗೆಯ ಕ್ಯಾನ್ಸರಿನಲ್ಲಿ ಆ ಹಂತದವರೂ ವರ್ಷಗಟ್ಟಲೆ ಬಾಳುತ್ತಾರೆ.

ಎಲ್ಲಕ್ಕಿಂತ ಮೋಸದ ಪದ ‘ಪಾಸಿಟಿವ್’. ಪ್ರವಚನಗಳಲ್ಲಿ ನಾವು ಪಾಸಿಟಿವ್ ಆಗಿರಿ ಎಂದು ಬೋಧಿಸುತ್ತೇವೆ. ಕಡತದಲ್ಲಿ ಅದಕ್ಕೆ ‘ಇದೆ’ ಎಂದಷ್ಟೇ ಅರ್ಥ. ದುಗ್ಧಗ್ರಂಥಿ ಪಾಸಿಟಿವ್ ಎಂದರೆ ರೋಗ ಅಲ್ಲಿಗೂ ತಲುಪಿದೆ. ಕತ್ತರಿಸಿ ತೆಗೆದ ಅಂಚು ನೆಗೆಟಿವ್ ಎಂದರೆ ಅಂಚಿನಲ್ಲಿ ರೋಗ ಕಾಣಲಿಲ್ಲ, ಸಂತೋಷದ ಸುದ್ದಿ. ಸ್ತನ ಕ್ಯಾನ್ಸರಿನಲ್ಲಿ ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ ಎಂದಿದ್ದರೆ ಮಾತ್ರೆಯ ರೂಪದ ಒಂದು ಚಿಕಿತ್ಸೆಗೆ ದಾರಿ ಇದೆಯೆಂದು ಅರ್ಥ.

ನಮ್ಮ ತಾಯಂದಿರಿಗೆ ಹೇಳುವ ‘ಪ್ಯಾಪ್’ ಪರೀಕ್ಷೆಗೆ ಪಾಪಕ್ಕೂ ಸಂಬಂಧವಿಲ್ಲ, ಪಾಪುಗಳಿಗೂ ಸಂಬಂಧವಿಲ್ಲ. ಗರ್ಭಕಂಠದ ಕ್ಯಾನ್ಸರನ್ನು ಅದು ಹುಟ್ಟುವ ಮುನ್ನವೇ ಪತ್ತೆಮಾಡುವ ಆ ವಿಧಾನವನ್ನು ಕಂಡುಹಿಡಿದ ಗ್ರೀಕ್ ಮೂಲದ ವೈದ್ಯ ಜಾರ್ಜ್ ಪಾಪನಿಕೊಲಾವು ಅವರ ಹೆಸರಿನ ತುಂಡು ಅದು. ಆ ಮನೆತನದ ಹೆಸರಿಗೆ ‘ಗುರು ನಿಕೊಲಾಸರ ಮಗ’ ಎಂದರ್ಥ. ಗ್ರೀಕ್ ಶ್ರೀಸಭೆಯಲ್ಲಿ ಗುರುಗಳಿಗೆ ‘ಪಾಪಾ’ ಎನ್ನುತ್ತಾರೆ.

ಈಗ ಚಿಕಿತ್ಸೆಗೆ ಬರೋಣ. ‘ಕರೆಂಟು ಕೊಡುತ್ತಾರಂತೆ’ ಎಂದು ನಮ್ಮ ಜನ ಹೇಳುವುದು ವಿಕಿರಣ ಚಿಕಿತ್ಸೆಯನ್ನು. ಕರೆಂಟು ಎಂದೊಡನೆ ತಂತಿ ತಗುಲಿ ಸತ್ತವರ ನೆನಪಾಗಿ, ಚಿಕಿತ್ಸೆಯನ್ನೇ ನಿರಾಕರಿಸಿದ ವೃದ್ಧರಿದ್ದಾರೆ. ಅಲ್ಲಿ ಯಾವ ವಿದ್ಯುತ್ತೂ ರೋಗಿಯ ಮೈ ಸೋಕುವುದಿಲ್ಲ. ಯಂತ್ರ ವಿದ್ಯುತ್ತಿನಿಂದ ನಡೆಯುತ್ತದೆ ನಿಜ. ಹೊರಬರುವುದು ಕಣ್ಣಿಗೆ ಕಾಣದ ಕಿರಣ. 1895ರ ನವೆಂಬರ್ 8ರಂದು ಜರ್ಮನಿಯ ರೋಂಟ್‌ಗೆನ್ ಆ ಕಿರಣವನ್ನು ಕಂಡು, ಸ್ವಭಾವ ತಿಳಿಯದ್ದರಿಂದ ಗಣಿತದ ಅಜ್ಞಾತ ಸಂಖ್ಯೆಯಂತೆ ‘ಎಕ್ಸ್’ ಎಂದು ಕರೆದ. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯೇರ್ ಕ್ಯೂರಿ ದಂಪತಿ ಕಂಡುಹಿಡಿದ ‘ರೇಡಿಯಂ’ ಧಾತುವಿನ ಹೆಸರಿನಲ್ಲಿರುವುದೂ ಕಿರಣವೆಂಬ ಲತೀನ್ ಪದವೇ. ಕೆಲವೇ ವರ್ಷಗಳಲ್ಲಿ ಎರಡೂ ಗಡ್ಡೆಗಳ ಮೇಲೆ ಪ್ರಯೋಗವಾದವು. 1941ರ ಫೆಬ್ರುವರಿ 28ರಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ತೆರೆದ ಮೇಲೆ ಈ ಚಿಕಿತ್ಸೆಗಾಗಿ ನಮ್ಮ ಕಡೆಯವರೂ ರೈಲು ಹತ್ತಿದರು.

ವಿಕಿರಣ ಎಂಬ ಕನ್ನಡ ಪದಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೊಂದು ಚರಿತ್ರೆಯೂ ಇದೆ. 1980ರ ದಶಕದಲ್ಲಿ ಜೋಯಿಡಾದ ಮಗ್ಗುಲಿಗೇ ಇರುವ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬರುವುದೆಂದಾಗ ಎದ್ದ ಚಳವಳಿಯಲ್ಲಿ ಈ ಪದ ಹಳ್ಳಿಹಳ್ಳಿಗೂ ಹರಿದು ಬಂತು. ಡಾ. ಶಿವರಾಮ ಕಾರಂತರು 1989ರಲ್ಲಿ ಈ ಭಾಗದಿಂದ ಲೋಕಸಭೆಗೆ ಸ್ಪರ್ಧಿಸಿ, ಸೋತರೂ ಆ ಚರ್ಚೆಯನ್ನು ಮನೆಮನೆಗೆ ಮುಟ್ಟಿಸಿದರು. 2000ದಲ್ಲಿ ಸ್ಥಾವರ ವಾಣಿಜ್ಯ ಉತ್ಪಾದನೆಗೆ ತೊಡಗಿತು. ಅಣುಸ್ಥಾವರದ ಪರ-ವಿರೋಧ ಇಲ್ಲಿಯ ವಿಷಯವಲ್ಲ. ಕ್ಯಾನ್ಸರ್ ತರುವ ವಸ್ತುವೆಂದು ಒಂದು ಪೀಳಿಗೆ ಕೇಳಿದ್ದ ಪದವನ್ನೇ, ಅದೇ ಪೀಳಿಗೆಗೆ ವೃದ್ಧಾಪ್ಯದಲ್ಲಿ ಕ್ಯಾನ್ಸರಿನ ಮದ್ದೆಂದು ಹೇಳಿದಾಗ ಗೊಂದಲವಾಗುವುದು ಸಹಜ. ಎರಡೂ ಮಾತು ನಿಜ. ಕಿರಣ ಕೋಶವನ್ನು ಗಾಯಗೊಳಿಸುತ್ತದೆ; ಅಳತೆ ತಪ್ಪಿದರೆ ಒಳ್ಳೆಯ ಕೋಶ ಕೆಡುತ್ತದೆ, ಗುರಿಯಿಟ್ಟು ಬಿಟ್ಟರೆ ಕೆಟ್ಟ ಕೋಶ ಸಾಯುತ್ತದೆ. ಹೊರಗಿನಿಂದ ಯಂತ್ರದ ಕಿರಣ ಪಡೆದು ಮನೆಗೆ ಬಂದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು.

‘ಕಿಮೋ’ ಎಂಬುದರ ಕಥೆ ಯುದ್ಧದಿಂದ ಆರಂಭವಾಗುತ್ತದೆ. ಕಿಮೋಥೆರಪಿ ಎಂಬ ಪದವನ್ನು 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಸಾಂಕ್ರಾಮಿಕ ರೋಗಗಳ ರಾಸಾಯನಿಕ ಮದ್ದಿಗಾಗಿ ಬಳಸಿದ್ದ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಸುಟ್ಟ ಸಾಸಿವೆ ಅನಿಲ ಬಿಳಿ ರಕ್ತಕಣಗಳನ್ನು ನಾಶಮಾಡುವುದನ್ನು ವೈದ್ಯರು ಗಮನಿಸಿದ್ದರು. ಅದೇ ಗುಂಪಿನ ರಾಸಾಯನಿಕವನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರಿನ ರೋಗಿಗೆ ಕೊಟ್ಟಾಗ ಗಡ್ಡೆಗಳು ಕರಗಿದವು, ಕೆಲಕಾಲದ ಮಟ್ಟಿಗೆ. ಮುಂದೆ ಸಿಡ್ನಿ ಫಾರ್ಬರ್ 1947-48ರಲ್ಲಿ ಮಕ್ಕಳ ರಕ್ತ ಕ್ಯಾನ್ಸರಿಗೆ ಬಳಸಿದ ಮದ್ದಿನ ಹಿಂದೆ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮತ್ತು ಅವರ ಸಂಗಡಿಗರ ದುಡಿಮೆಯಿತ್ತು. 1948ರಲ್ಲಿ ತೀರಿಕೊಂಡ ಆ ಭಾರತೀಯನ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಸಿಗದಿರುವುದು ವಿಷಾದದ ಸಂಗತಿ. ಆ ವಂಶದ ‘ಮೆಥೊಟ್ರೆಕ್ಸೇಟ್’ ಇಂದಿಗೂ ಬಳಕೆಯಲ್ಲಿದೆ.

ಎಲ್ಲ ಕಿಮೋ ಮದ್ದೂ ಯುದ್ಧದ ಮನೆಯಿಂದ ಬಂದದ್ದಲ್ಲ. ನಮ್ಮ ಅಂಗಳದಲ್ಲಿ, ಸಮಾಧಿ ಸ್ಥಳಗಳ ಅಂಚಿನಲ್ಲಿ ಯಾರೂ ನೀರೆರೆಯದೆ ವರ್ಷವಿಡೀ ಅರಳುವ ಐದೆಸಳಿನ ನಿತ್ಯಪುಷ್ಪ, ಮರಾಠಿಯವರ ಸದಾಫುಲಿ, ಇದರ ಎಲೆಯಿಂದ 1950ರ ದಶಕದ ಕೊನೆಯಲ್ಲಿ ಕೆನಡಾ ಮತ್ತು ಅಮೆರಿಕದ ವಿಜ್ಞಾನಿಗಳು ತೆಗೆದ ಸತ್ವಗಳೇ ‘ವಿನ್‌ಬ್ಲಾಸ್ಟಿನ್’, ‘ವಿನ್‌ಕ್ರಿಸ್ಟಿನ್’. ಎರಡನೆಯದು ರಕ್ತ ಕ್ಯಾನ್ಸರಿನ ಮಕ್ಕಳನ್ನು ಬದುಕಿಸಿದ ಮದ್ದುಗಳಲ್ಲೊಂದು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ, ದುರ್ವಾಸನೆಯ ಕಾರಣದಿಂದ ಮರಾಠಿಯಲ್ಲಿ ‘ನರಕ್ಯಾ’ ಎಂದು ಬೈಸಿಕೊಂಡ ಮರವೂ ಹೀಗೆಯೇ. ಅದರಲ್ಲಿ ‘ಕ್ಯಾಂಪ್ಟೊಥೆಸಿನ್’ ಇದೆಯೆಂದು 1972ರಲ್ಲಿ ತಿಳಿದುಬಂತು. ಕರುಳಿನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಬಳಸುವ ಮದ್ದುಗಳನ್ನು ಆ ಸತ್ವದಿಂದ ಮಾಡುತ್ತಾರೆ. ಹಾಗೆಂದು ಎಲೆಯನ್ನೋ ತೊಗಟೆಯನ್ನೋ ಅರೆದು ಕುಡಿದರೆ ವಿಷವೇ ಆದೀತು. ಮದ್ದಾಗುವುದು ಶುದ್ಧಿ ಮಾಡಿ, ಅಳೆದು, ರಕ್ತ ಪರೀಕ್ಷೆಯ ಕಾವಲಿನಲ್ಲಿ ಕೊಟ್ಟಾಗ. ಬೇಗ ಬೇಗ ಹೆಚ್ಚುವ ಕೋಶಗಳನ್ನೆಲ್ಲ ಈ ಮದ್ದುಗಳು ಹೊಡೆಯುವುದರಿಂದ ಕೂದಲಿನ ಬೇರು, ಬಾಯಿಯ ಒಳಪದರಕ್ಕೂ ಪೆಟ್ಟು ಬೀಳುತ್ತದೆ. ಕೂದಲು ಉದುರುವುದು ಮದ್ದಿನ ಗುರುತು. ರೋಗ ಏರಿದ್ದರ ಗುರುತಲ್ಲ. ಹೆಚ್ಚಿನವರಿಗೆ ಅದು ಮರಳಿ ಬರುತ್ತದೆ.

ಚಿಕಿತ್ಸೆ ಫಲಿಸಿದಾಗ ವೈದ್ಯರು ಬರೆಯುವ ಪದ ‘ರೆಮಿಶನ್’. ಗುರುವಾದ ನನಗೆ ಇದನ್ನು ಕಡತದಲ್ಲಿ ಓದಿದಾಗಲೆಲ್ಲ ಬೆರಗು. ವಿಶ್ವಾಸ ಸಂಗ್ರಹದಲ್ಲಿ ಪಾಪಗಳ ಕ್ಷಮೆ ಎಂದು ಹೇಳುವಲ್ಲಿ ಲತೀನಿನಲ್ಲಿ ಇರುವ ಪದ ಇದೇ, ‘ರೆಮಿಸ್ಸಿಯೊ’. ಬಿಗಿಹಿಡಿದದ್ದನ್ನು ಸಡಿಲಿಸುವುದು, ಬಿಟ್ಟುಬಿಡುವುದು ಎಂದು ಮೂಲಾರ್ಥ. ವೈದ್ಯರ ಬಾಯಲ್ಲಿ ಅದು ಸಂಪೂರ್ಣ ಗುಣ ಎಂಬ ಮಾತಲ್ಲ. ರೋಗದ ಹಿಡಿತ ಸಡಿಲಿದೆ, ಪರೀಕ್ಷೆಗಳಲ್ಲಿ ಈಗ ಕಾಣುತ್ತಿಲ್ಲ ಅಥವಾ ತಗ್ಗಿದೆ, ತಪಾಸಣೆಗೆ ತಪ್ಪದೆ ಬನ್ನಿ ಎಂಬ ಮಾತು.

ಇನ್ನೊಂದು ಪದ ‘ಪ್ಯಾಲಿಯೇಟಿವ್’. ಅದನ್ನು ಕೇಳಿದೊಡನೆ ಮನೆಯವರು ಕೈಚೆಲ್ಲಿ ಕೂರುತ್ತಾರೆ. ಅದರ ಬೇರು ‘ಪಾಲ್ಲಿಯುಂ’, ಹೊದಿಕೆ. ಮಹಾಧರ್ಮಾಧ್ಯಕ್ಷರು ಹೆಗಲ ಮೇಲೆ ಧರಿಸುವ ಬಿಳಿ ಉಣ್ಣೆಯ ಪಟ್ಟಿಗೂ ಇದೇ ಹೆಸರು. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಸೀಳಿ ಅರ್ಧ ಹೊದಿಸಿದ ತೂರಿನ ಸಂತ ಮಾರ್ಟಿನರ ಕಥೆ ನಮಗೆ ಗೊತ್ತಿದೆ. ನೋವು, ಉಸಿರಾಟದ ಕಷ್ಟ, ವಾಂತಿ, ನಿದ್ರಾಹೀನತೆಗಳಿಗೆ ಹೊದಿಕೆ ಹೊದಿಸುವುದು ಈ ಚಿಕಿತ್ಸೆಯ ಕೆಲಸ. ರೋಗಕ್ಕೆ ಮದ್ದು ನಡೆಯುತ್ತಿರುವಾಗಲೇ ಇದನ್ನೂ ಕೊಡಬಹುದು. ಆಧುನಿಕ ರೂಪದಲ್ಲಿ ಇದನ್ನು 1967ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದವರು ಸಿಸಿಲಿ ಸಾಂಡರ್ಸ್. ಅದಕ್ಕೆ ಅವರು ಆಯ್ದ ‘ಹಾಸ್ಪಿಸ್’ ಎಂಬ ಹೆಸರು ಮಧ್ಯಯುಗದ ಯಾತ್ರಿಕರ ಛತ್ರಗಳದ್ದು. ಭಾರತದ ಮೊದಲ ಹಾಸ್ಪಿಸ್ ಆದ ಶಾಂತಿ ಅವೇದನಾ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಆರಂಭವಾಗಿ, ಆಮೇಲೆ ಗೋವೆಗೂ ಬಂತು. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ನಮ್ಮ ನಾಲ್ಕು ತಾಲೂಕುಗಳ ರೋಗಿಗಳಿಗೆ ಅವೆಲ್ಲವೂ ದೂರದ ಊರುಗಳು.

ರೋಗಿಗೆ ಹೆಸರು ತಿಳಿಸಬೇಕೇ ಬೇಡವೇ ಎಂಬ ಪ್ರಶ್ನೆ ಉಳಿಯಿತು. ಕನ್ನಡದ ವೈದ್ಯ ಲೇಖಕಿ ಡಾ. ಅನುಪಮಾ ನಿರಂಜನ ‘ತಾಯಿ-ಮಗು’, ‘ಕೇಳು ಕಿಶೋರಿ’ ಮುಂತಾದ ಪುಸ್ತಕಗಳಿಂದ ಮನೆಮಾತಾದವರು. ಬಾಯಿಬಿಟ್ಟು ಆಡಲು ಅಂಜುತ್ತಿದ್ದ ದೇಹದ ವಿಷಯಗಳನ್ನು ಕನ್ನಡದ ಹೆಣ್ಣುಮಕ್ಕಳಿಗೆ ತಿಳಿಗನ್ನಡದಲ್ಲಿ ಹೇಳಿಕೊಟ್ಟ ಅವರು 1991ರಲ್ಲಿ ಇದೇ ರೋಗದಿಂದ ತೀರಿಕೊಂಡರು. ಹೆಸರಿಟ್ಟು ಹೇಳುವುದರಿಂದ ಯಾವ ಅನರ್ಥವೂ ಆಗದು ಎಂಬುದಕ್ಕೆ ಅವರ ಪುಸ್ತಕಗಳನ್ನು ಓದಿ ಬೆಳೆದ ಎರಡು ಪೀಳಿಗೆ ಸಾಕ್ಷಿ. ಮುಚ್ಚಿಡುವುದರಿಂದ ಆಗುವ ನಷ್ಟವನ್ನೂ ನೋಡಬೇಕು. ಜಮೀನಿನ ಪಾಲು, ಮಗಳ ಮದುವೆ, ಮುನಿದ ತಮ್ಮನೊಡನೆ ರಾಜಿ, ತನ್ನ ಚಿಕಿತ್ಸೆಯನ್ನು ಮುಂದುವರಿಸಬೇಕೇ ಎಂಬ ತೀರ್ಮಾನ, ಇವೆಲ್ಲ ಹೊಟ್ಟೆಹುಣ್ಣೆಂದು ನಂಬಿದವನ ಕೈತಪ್ಪುತ್ತವೆ. ಹಲವು ಬಾರಿ ರೋಗಿಗೆ ಸತ್ಯ ಗೊತ್ತಿರುತ್ತದೆ. ಮನೆಯವರು ನೊಂದಾರೆಂದು ಅವನೂ ಗೊತ್ತಿಲ್ಲದಂತೆ ನಟಿಸುತ್ತಾನೆ.

ಶ್ರೀಸಭೆಯೂ ಒಂದು ಹೆಸರಿನಿಂದಾದ ಭಯವನ್ನು ಕಂಡಿದೆ. ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯ ಅಸ್ವಸ್ಥರಾದವರು ಸಭೆಯ ಹಿರಿಯರನ್ನು ಕರೆಸಿ ಎಣ್ಣೆಯ ಅಭ್ಯಂಗ ಪಡೆಯಲೆಂದು ಹೇಳುತ್ತದೆ. ಕಾಲಾಂತರದಲ್ಲಿ ಆ ಸಂಸ್ಕಾರ ಮರಣಶಯ್ಯೆಗೆ ಸರಿದು, ‘ಅಂತಿಮ ಅಭ್ಯಂಗ’ ಎಂಬ ಹೆಸರು ಪಡೆಯಿತು. ಗುರುಗಳು ಎಣ್ಣೆಯ ಭರಣಿ ಹಿಡಿದು ಬಂದರೆಂದರೆ ಶವಪೆಟ್ಟಿಗೆಗೆ ಹೇಳಿಕಳುಹಿಸಿದಂತೆ ಎಂದು ಜನ ಹೆದರಿದರು. ಪ್ರಜ್ಞೆ ತಪ್ಪುವವರೆಗೆ ಕರೆಯುವುದನ್ನು ಮುಂದೂಡಿದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನದ 73ನೇ ಪರಿಚ್ಛೇದದಲ್ಲಿ, ಇದನ್ನು ರೋಗಿಗಳ ಅಭ್ಯಂಗ ಎನ್ನುವುದೇ ಹೆಚ್ಚು ಸೂಕ್ತವೆಂದಿತು. 1972ರಲ್ಲಿ ಜಗದ್ಗುರು ಆರನೆಯ ಪೌಲರು ಹೊಸ ವಿಧಿಯನ್ನು ಜಾರಿಗೆ ತಂದರು. ಆ ವಿಧಿಯ ಪ್ರಕಾರ ಗಂಭೀರ ಕಾಯಿಲೆಯ ಕಾರಣದಿಂದ ಶಸ್ತ್ರಚಿಕಿತ್ಸೆಗೆ ಹೋಗುವವರು ಹೊರಡುವ ಮುನ್ನವೇ ಅದನ್ನು ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ, ಮತ್ತೊಮ್ಮೆ ಪಡೆಯಬಹುದು. ಹಳೆಯ ಹೆಸರು ಮಾತ್ರ ಐವತ್ತು ವರ್ಷಗಳ ನಂತರವೂ ನಮ್ಮ ಮನೆಗಳಲ್ಲಿ ಉಳಿದಿದೆ. ಹುಬ್ಬಳ್ಳಿಗೆ ಶಸ್ತ್ರಚಿಕಿತ್ಸೆಗೆಂದು ಹೊರಟವರು ಹಿಂದಿನ ದಿನ ಹೇಳಿಕಳುಹಿಸಿದರೂ ಸಾಕು. ಬಹುತೇಕ ಮನೆಗಳಿಂದ ಇಂದಿಗೂ ಕರೆ ಬರುವುದು ಆಸ್ಪತ್ರೆಯಿಂದ ಕಡೆಯ ಸಲ ಮನೆಗೆ ಕರೆತಂದ ಮೇಲೆ.